‘ಸ್ಯಾಲರಿ ಸ್ಯಾಕ್ರಿಫೈಸ್’: ತ್ಯಾಗವೆ, ಕಡಿತವೆ, ಹಕ್ಕುಬಿಡುಗಡೆಯೆ?

ಮಾನ್ಯರೆ,

ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ನನ್ನ ಅಕ್ಕನ ಮಗಳು ಈಚೆಗೆ ಕೆಲಸ ಬದಲಿಸುವ ಮುನ್ನ, ಹಳೆಯ ಕಚೇರಿಯಲ್ಲಿ ತನಗಿದ್ದ ಸೌಲಭ್ಯವೊಂದು ಇನ್ನು ತಪ್ಪಿಹೋಗುತ್ತದೆ ಎಂದು ಮನೆಗೆ ಫೋನ್ ಮಾಡಿ ಹೇಳಿದಳು. ಆ ಏರ್ಪಾಡಿನ ಹೆಸರು ‘ಸ್ಯಾಲರಿ ಸ್ಯಾಕ್ರಿಫೈಸ್’. ನಾನು ಅದನ್ನು ‘ಸಂಬಳ ತ್ಯಾಗ’ ಎಂದು ಅಕ್ಕನಿಗೆ ಕನ್ನಡಿಸಿ ಹೇಳಿದ್ದೇ ತಡ, ‘ಕಂಪನಿ ಮುಳುಗುತ್ತಿತ್ತೇನೋ, ಇವಳೇಕೆ ಸಂಬಳ ಬಿಟ್ಟಳು?’ ಎಂದು ಆಕೆ ಗಾಬರಿಯಾದಳು. ತಪ್ಪು ನನ್ನ ಅನುವಾದದ್ದು. ಸರಿಯಾದ ಪದ ಯಾವುದಾದೀತು ಎಂಬುದೇ ಈ ಪತ್ರದ ಪ್ರಶ್ನೆ.

ಪದವನ್ನು ತೂಗುವ ಮೊದಲು ವಸ್ತುವನ್ನು ಹೇಳಬೇಕು. ಬ್ರಿಟನ್ನಿನಲ್ಲಿ ಮಕ್ಕಳ ಪಾಲನೆಯ ವೋಚರುಗಳನ್ನು, ಎಂದರೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಹಣದ ಬದಲು ಸಲ್ಲಿಸುವ ಪತ್ರಗಳನ್ನು, ಮಾಲೀಕರ ಮೂಲಕ ಪಡೆಯುವ ಯೋಜನೆಯೊಂದಿದೆ. ಹೆಚ್ಚೆಂದರೆ ತಿಂಗಳಿಗೆ 243 ಪೌಂಡು ಬೆಲೆಯ ವೋಚರುಗಳನ್ನು ನೌಕರರು ಪಡೆಯಬಹುದು. 2011ರ ಏಪ್ರಿಲ್ ನಂತರ ಸೇರಿದವರಲ್ಲಿ ಹೆಚ್ಚಿನ ದರದ ತೆರಿಗೆ ಕಟ್ಟುವವರಿಗೆ ಈ ಮಿತಿ ಇನ್ನೂ ಕಡಿಮೆ. ಅಷ್ಟು ಮೊತ್ತಕ್ಕೆ ವರಮಾನ ತೆರಿಗೆಯೂ ಇಲ್ಲ, ಪಿಂಚಣಿ ಮೊದಲಾದವಕ್ಕಾಗಿ ಸಂಬಳದಿಂದ ಕಟ್ಟುವ ರಾಷ್ಟ್ರೀಯ ವಿಮೆಯ ವಂತಿಗೆಯೂ ಇಲ್ಲ. ಮೂಲದರದ ತೆರಿಗೆ ನೂರಕ್ಕೆ 20, ವಂತಿಗೆ ನೂರಕ್ಕೆ 8 ಎಂದು ಹಿಡಿದರೆ ತಿಂಗಳಿಗೆ ಸುಮಾರು 68 ಪೌಂಡು ಉಳಿಯುತ್ತದೆ. ತಂದೆ ತಾಯಿ ಇಬ್ಬರೂ ಅವರವರ ಕಚೇರಿಯಲ್ಲಿ ಬೇರೆ ಬೇರೆಯಾಗಿ ಇದನ್ನು ಪಡೆಯಬಹುದಿತ್ತು. 2018ರ ಅಕ್ಟೋಬರ್ 4ರಿಂದ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿದೆ. ಮೊದಲೇ ಸೇರಿದವರು ಅದೇ ಮಾಲೀಕರಲ್ಲಿ ಮುಂದುವರಿದರೆ ಮಾತ್ರ ಸೌಲಭ್ಯ ಉಳಿಯುತ್ತದೆ. ಅಕ್ಕನ ಮಗಳ ಚಿಂತೆಯೂ ಅದೇ.

ಇಲ್ಲಿ ವೋಚರು ಕೈಗೆ ಸಿಗುವ ವಸ್ತು, ‘ಸ್ಯಾಕ್ರಿಫೈಸ್’ ಅದನ್ನು ಪಡೆಯುವ ದಾರಿ. ಮಾಲೀಕರು ಸಂಬಳದ ಮೇಲೆ ಹೆಚ್ಚುವರಿಯಾಗಿ ವೋಚರು ಕೊಟ್ಟರೆ ಯಾರೂ ಏನನ್ನೂ ಬಿಟ್ಟಂತಾಗುವುದಿಲ್ಲ. ಬಹಳಷ್ಟು ಕಡೆ ಹಾಗೆ ಕೊಡುವುದಿಲ್ಲ. ನೌಕರರು ಉದ್ಯೋಗದ ಕರಾರನ್ನೇ ತಿದ್ದಿಸಿ, ಮುಂದೆ ಬರಲಿರುವ ಸಂಬಳದ ಒಂದು ಪಾಲಿನ ಮೇಲಿನ ಹಕ್ಕನ್ನು ಬಿಟ್ಟು, ಅದರ ಬದಲಿಗೆ ನಗದಲ್ಲದ ಸೌಲಭ್ಯವೊಂದನ್ನು ಒಪ್ಪಿಕೊಳ್ಳುತ್ತಾರೆ. ಆದ್ದರಿಂದ ನಮ್ಮ ಪದ ಎರಡು ಅಂಶಗಳನ್ನು ಹೊರಬೇಕು: ಹಕ್ಕನ್ನು ಮುಂಚಿತವಾಗಿ ಬಿಡುವುದು, ಬಿಟ್ಟದ್ದಕ್ಕೆ ಬದಲು ಪಡೆಯುವುದು.

‘ತ್ಯಾಗ’ ಎರಡನೆಯ ಅಂಶದಲ್ಲಿ ಸೋಲುತ್ತದೆ. ಪ್ರತಿಫಲ ಬಯಸಿದರೆ ಅದು ತ್ಯಾಗವೇ ಅಲ್ಲ ಎಂಬುದು ಕನ್ನಡಿಗರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ‘ಕಡಿತ’ ಮೊದಲನೆಯ ಅಂಶದಲ್ಲಿ ಸೋಲುತ್ತದೆ. ನಮ್ಮ ಸರಕಾರಿ ವೇತನಪತ್ರಗಳಲ್ಲಿ ಬರುವ ‘ಕಟಾವಣೆ’, ಹಳೆಯ ಲೆಕ್ಕಪುಸ್ತಕಗಳ ‘ವಜಾ’, ಆಡುಮಾತಿನ ‘ಸಂಬಳದಲ್ಲಿ ಹಿಡಿದುಕೊಂಡರು’, ಉತ್ತರ ಕರ್ನಾಟಕದ ‘ಪಗಾರದಾಗ ಮುರಕೊಂಡರು’ ಇವೆಲ್ಲವೂ ಆಗಲೇ ಸಲ್ಲಬೇಕಾಗಿದ್ದ ಹಣದಿಂದ ತೆಗೆಯುವುದನ್ನು ಹೇಳುತ್ತವೆ. ಹಾಗೆ ತೆಗೆದ ಹಣ ನೌಕರರ ವರಮಾನವೇ ಆಗಿರುವುದರಿಂದ, ಈ ಏರ್ಪಾಡನ್ನು ಕಡಿತವೆಂದು ಕರೆದರೆ ತೆರಿಗೆಯ ತರ್ಕವೇ ತಲೆಕೆಳಗಾಗುತ್ತದೆ. ಇಲ್ಲಿ ಕರಾರಿನ ಸಂಬಳವೇ ಇಳಿದಿರುತ್ತದೆ. ಹೆರಿಗೆ ರಜೆಯ ಮೊದಲ ಆರು ವಾರಗಳಿಗೆ ಕೊಡುವ ಶಾಸನಬದ್ಧ ಭತ್ಯೆಯನ್ನು ಸರಾಸರಿ ಗಳಿಕೆಯ ನೂರಕ್ಕೆ 90ರ ಲೆಕ್ಕದಲ್ಲಿ ಕಟ್ಟುವಾಗ, ಬಿಟ್ಟುಕೊಟ್ಟ ಪಾಲು ಆ ಸರಾಸರಿಯಲ್ಲಿ ಸೇರುವುದಿಲ್ಲ. ತ್ಯಾಗ ಎಂಬ ಮಾತಿಗೆ ಏನಾದರೂ ಹುರುಳಿದ್ದರೆ ಅದು ಈ ಒಂದು ಕಡೆ.

ನನಗೆ ಹತ್ತಿರವೆನಿಸಿದ್ದು ನಮ್ಮ ಉಪನೋಂದಣಾಧಿಕಾರಿಗಳ ಕಚೇರಿಯ ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ತಂಗಿಯು ಅಣ್ಣನಿಗೆ ಬರೆದುಕೊಡುವ ಪತ್ರಕ್ಕೆ ‘ಹಕ್ಕು ಬಿಡುಗಡೆ ಪತ್ರ’ ಎನ್ನುತ್ತೇವೆ. ಅಲ್ಲಿ ಹಕ್ಕು ಬಿಡುವುದೂ ಇದೆ, ಎಷ್ಟೋ ಸಲ ಪ್ರತಿಫಲ ಪಡೆಯುವುದೂ ಇದೆ, ಯಾರೂ ಅದನ್ನು ತ್ಯಾಗವೆಂದು ಹೊಗಳುವುದಿಲ್ಲ. (ಹೊಗಳಬೇಕಾದ ಸಂದರ್ಭಗಳು ಇಲ್ಲವೆಂದಲ್ಲ.) ಆ ಜಾಡಿನಲ್ಲಿ ‘ಸಂಬಳದ ಹಕ್ಕುಬಿಡುಗಡೆ’ ಎನ್ನಬಹುದೆ? ಅಥವಾ ಇನ್ನಷ್ಟು ಸರಳವಾಗಿ ‘ಸಂಬಳ ಬದಲಿ’ ಎಂದರೆ ಸಾಕೆ? ಎರಡನೆಯದು ಕಿವಿಗೆ ಹಿತ, ಆದರೆ ಸಂಬಳವೇ ಇಲ್ಲದೆ ಬೇರೇನೋ ಕೊಟ್ಟರೆಂಬ ಅನುಮಾನಕ್ಕೆ ಎಡೆ ಮಾಡುತ್ತದೆ. ನಗದಲ್ಲದ ಸಂಬಳವೇನೂ ನಮ್ಮ ಭಾಷೆಗೆ ಹೊಸದಲ್ಲ; ‘ಸಂಬಳ’ದ ಹಿಂದಿರುವ ಸಂಸ್ಕೃತದ ‘ಶಂಬಲ’ಕ್ಕೆ ದಾರಿಬುತ್ತಿ ಎಂದೇ ಅರ್ಥ.

‘ವೋಚರ್’ ಪದದ ತೊಡಕು ಬೇರೆ ಬಗೆಯದು. ಕನ್ನಡದ ಲೆಕ್ಕಪತ್ರಗಳಲ್ಲಿ ವೋಚರ್ ಎಂದರೆ ಮಾಡಿದ ಖರ್ಚಿಗೆ ಸಾಕ್ಷಿಯಾದ ಚೀಟಿ. ಇಲ್ಲಿಯದು ಮುಂದೆ ಮಾಡುವ ಖರ್ಚಿಗೆ ಸಲ್ಲುವಂಥದು. ಪಡಿತರ ಚೀಟಿಯ ಮಾದರಿಯಲ್ಲಿ ‘ಪಾಲನಾ ಚೀಟಿ’ ಎಂದು ಮಾಡಿ ನೋಡಿದೆ. ಅಕ್ಕ ಕೇಳಿದ್ದು, ‘ಅಲ್ಲಿಯೂ ಚೀಟಿ ಎತ್ತುತ್ತಾರೆಯೆ?’ ಎಂದು. ಊಟದ ಕೂಪನ್ ಎಲ್ಲರಿಗೂ ಗೊತ್ತಿರುವುದರಿಂದ ‘ಪಾಲನಾ ಕೂಪನ್’ ಎಂಬುದೇ ವಾಸಿ.

ಇನ್ನು ‘ಚೈಲ್ಡ್‌ಕೇರ್’. ‘ಶಿಶುಪಾಲನೆ’ ಎಂದರೆ ತೊಟ್ಟಿಲು ಕಣ್ಣಿಗೆ ಬರುತ್ತದೆ, ಆದರೆ ಈ ವೋಚರುಗಳು ಮಗುವಿಗೆ 15 ತುಂಬಿದ ನಂತರದ ಸೆಪ್ಟೆಂಬರ್ 1ರವರೆಗೆ ಸಲ್ಲುತ್ತವೆ. ನಮ್ಮಲ್ಲಿಯೂ ಇಂಥದೇ ವಿಚಿತ್ರವಿದೆ: ರಾಜ್ಯ ಸರಕಾರದ ಮಹಿಳಾ ನೌಕರರಿಗೆ 2021ರಲ್ಲಿ ಬಂದ ‘ಶಿಶುಪಾಲನಾ ರಜೆ’ಯಲ್ಲಿ 18 ವರ್ಷದೊಳಗಿನವರೆಲ್ಲ ಶಿಶುಗಳೇ. ಹೋಲಿಸಿದರೆ, ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರ ತಾಯಂದಿರ ಪುಟ್ಟ ಮಕ್ಕಳಿಗಾಗಿ ತೆರೆದ ಕೇಂದ್ರಗಳಿಗೆ ‘ಕೂಸಿನ ಮನೆ’ ಎಂದು ಹೆಸರಿಟ್ಟವರು ಪದವನ್ನು ವಯಸ್ಸಿಗೆ ತಕ್ಕಂತೆ ಅಳೆದಿದ್ದಾರೆ. ವೋಚರಿನ ಮಟ್ಟಿಗೆ ‘ಮಕ್ಕಳ ಪಾಲನೆ’ ಸಾಕೆಂದು ನನ್ನ ಮತ. ಅಂದಹಾಗೆ, ಇದರ ಜಾಗಕ್ಕೆ 2017ರಲ್ಲಿ ಬಂದ ಯೋಜನೆಯ ಹೆಸರನ್ನು ‘ತೆರಿಗೆರಹಿತ ಮಕ್ಕಳ ಪಾಲನೆ’ ಎಂದು ಅನುವಾದಿಸುವವರು ಎಚ್ಚರವಾಗಿರಬೇಕು. ಅದರಲ್ಲಿ ಪೋಷಕರು ಖಾತೆಗೆ 8 ಪೌಂಡು ಹಾಕಿದರೆ ಸರಕಾರ 2 ಪೌಂಡು ಸೇರಿಸುತ್ತದೆ, ಒಂದು ಮಗುವಿಗೆ ವರ್ಷಕ್ಕೆ ಸಾಮಾನ್ಯವಾಗಿ 2,000 ಪೌಂಡಿನವರೆಗೆ. ಸಂಬಳದ ತಂಟೆಗೇ ಹೋಗದ ಈ ಸೇರ್ಪಡೆಯನ್ನು ತೆರಿಗೆರಹಿತವೆಂದಿರುವುದು ಇಂಗ್ಲಿಷಿನದೇ ಎಡವಟ್ಟು.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಕೂಲಿಯ ಒಂದು ಪಾಲನ್ನು ನಗದಾಗಿ ಪಡೆಯದೆ, ಮೊದಲೇ ಮಾತಾಡಿಕೊಂಡು ಅಕ್ಕಿಯಾಗಿಯೋ ಕಾಳಾಗಿಯೋ ಪಡೆಯುವುದಕ್ಕೆ ಮಲೆನಾಡಿನ ತೋಟಗಳಲ್ಲಾಗಲಿ, ಬಯಲುಸೀಮೆಯ ಹೊಲಗಳಲ್ಲಾಗಲಿ, ಕರಾವಳಿಯಲ್ಲಾಗಲಿ ಬಳಕೆಯಲ್ಲಿದ್ದ ಕ್ರಿಯಾಪದ ಯಾವುದು? ‘ಪಡಿ’ ಎಂಬ ನಾಮಪದ ನನಗೆ ಗೊತ್ತು. ನಾನು ಕೇಳುತ್ತಿರುವುದು ಕ್ರಿಯಾಪದವನ್ನು. ಅದು ಸಿಕ್ಕಿದರೆ ಅಕ್ಕನಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ.