ತುಮಕೂರು: ಫ್ರೀಜರಿನಲ್ಲಿ ಸಮುದ್ರದ ಐಸ್, ಮೇಲೆ ಹಿಮ. ಎರಡೂ ಸೇರೋ ಜಾಗದ ರೀಡಿಂಗ್ ತಪ್ಪು ಬರ್ತಿದೆ

ಶಿರಾಗೇಟ್_ಲ್ಯಾಬ್:
ತಲೆ ಕೆಟ್ಟು ಹೋಗಿದೆ, ಯಾರಾದ್ರೂ ದಾರಿ ತೋರಿಸಿ. ನಮ್ಮ ಬಿಎಸ್ಸಿ ಹುಡುಗಿಯರ ಪ್ರಾಜೆಕ್ಟು. ಲೀಟರಿಗೆ 35 ಗ್ರಾಂ ಉಪ್ಪು ಹಾಕಿದ ನೀರನ್ನ ಮೀನು ತುಂಬೋ ಥರ್ಮೋಕೋಲ್ ಡಬ್ಬಿಗೆ ಸುರಿದು ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದೀವಿ. ಮೇಲೆ 12 ಸೆಂ.ಮೀ. ಐಸ್ ಕಟ್ಟಿದೆ, ಕೆಳಗೆ ಇನ್ನೂ ನೀರಿದೆ. ಐಸ್ ಮೇಲೆ ಹಿಮದ ಬದಲು ಗೋಲಾ ಮೆಷಿನ್ನಿನಲ್ಲಿ ತುರಿದ ಐಸ್, 6 ಸೆಂ.ಮೀ. ತಾಪ ಅಳೆಯೋ ಡಿಎಸ್18ಬಿ20 ಸೆನ್ಸರ್ ಸರ, ಅದನ್ನ ಓದೋಕೆ ಇಎಸ್‌ಪಿ32 ಬೋರ್ಡು, ಎಸ್‌ಡಿ ಕಾರ್ಡಿಗೆ ಲಾಗ್.

ಹಿಮದ ಮೇಲ್ಮೈ -16 ಡಿಗ್ರಿ, ಐಸಿನ ತಳ -2, ಇವೆರಡೂ ಸರಿ. ಹಿಮವೂ ಐಸೂ ಸೇರೋ ಕಡೆ ಲೆಕ್ಕದ ಪ್ರಕಾರ -5ರ ಹತ್ರ ಬರಬೇಕು. ಬರ್ತಿರೋದು -11. ಆಗಾಗ 85 ಅಂತ ಬೇರೆ ತೋರಿಸುತ್ತೆ. ಕೋಡ್ ಸರಿ ಇದೆ, ಅದನ್ನ ಬಿಟ್ಟು ಹೇಳಿ.

ಚಿಂತಾಮಣಿ_ಸೋಲ್ಡರ್:
ಡೂಪ್ಲಿಕೇಟ್ ಚಿಪ್ಪು. ಬೇರೆ ಮಾತೇ ಇಲ್ಲ. ರೋಮ್ (ROM) ನಂಬರ್, ಅಂದ್ರೆ ಚಿಪ್ಪಿನೊಳಗಿನ ಗುರುತಿನ ಸಂಖ್ಯೆ, ಓದಿಸಿ ನೋಡಿ ಮೇಡಂ. ನಾನು ನೋಡಿರೋ ಅಸಲಿ ಚಿಪ್ಪುಗಳಲ್ಲಿ ಕೊನೆಯಲ್ಲಿ ತಪ್ಪು ಪತ್ತೆಗೆ ಇರೋ ಸಿಆರ್‌ಸಿ ಬೈಟಿಗೆ ಮುಂಚಿನ ಎರಡು ಬೈಟ್ ಸೊನ್ನೆ ಇರುತ್ತೆ. ಸ್ಟೀಲ್ ಟ್ಯೂಬಿನಲ್ಲಿ ಅಗ್ಗಕ್ಕೆ ಸಿಗೋದರಲ್ಲಿ ಅಸಲಿ ಸಿಗೋದೇ ಅಪರೂಪ.

ಶಿರಾಗೇಟ್_ಲ್ಯಾಬ್:
ಐಸ್ ನೀರಿನಲ್ಲಿ ಎಲ್ಲಾ ಸೆನ್ಸರ್ ಒಟ್ಟಿಗೆ ಮುಳುಗಿಸಿ ನೋಡಿದ್ದೀವಿ. ಎಲ್ಲವೂ ಸೊನ್ನೆಯ ಆಚೀಚೆ 0.3 ಒಳಗೇ ಇವೆ.

ಚಿಂತಾಮಣಿ_ಸೋಲ್ಡರ್:
ಸೊನ್ನೆಯಲ್ಲಿ ಸರಿ ಇದ್ದ ಮಾತ್ರಕ್ಕೆ -15ರಲ್ಲೂ ಸರಿ ಇರಬೇಕು ಅಂತೇನಿಲ್ಲ. ಅಸಲಿಗೂ ±0.5 ಖಾತ್ರಿ ಇರೋದು -10ರವರೆಗೆ ಮಾತ್ರ.

ಪಾವಗಡ_ಬಿಸಿಲು:
ಅಣ್ಣ, ಅದಕ್ಕೂ ಕೆಳಗೆ ಹೋದ್ರೆ ತಪ್ಪು ಇನ್ನೊಂದು ಸ್ವಲ್ಪ ಜಾಸ್ತಿ ಆಗಬಹುದು, ಆರು ಡಿಗ್ರಿ ಆಗಲ್ಲ. 85ರ ವಿಷಯ ಬೇರೆ. ಚಿಪ್ಪಿಗೆ ಪವರ್ ಬಂದ ತಕ್ಷಣ ಅದರೊಳಗೆ ಇರೋ ಸಂಖ್ಯೆಯೇ ಅದು. 12 ಬಿಟ್‌ನ ಅಳತೆ ಮುಗಿಯೋಕೆ ಬೇಕಾದ 750 ಮಿಲಿಸೆಕೆಂಡ್ ಕಾಯದೆ ಓದಿದ್ರೆ ಅದೇ ಬರುತ್ತೆ. ಕರೆಂಟ್ ಹೋಗಿ ಬಂದಾಗ ಬರ್ತಿದೆಯಾ ನೋಡಿ, ಲಾಗರ್‌ಗೆ ಬ್ಯಾಟರಿ ಕೊಡಿ.

ಇನ್ನೊಂದು. ಡಬ್ಬಿಯ ನೀರು ಹೆಪ್ಪುಗಟ್ಟುವಾಗ ಉಪ್ಪನ್ನ ಕೆಳಕ್ಕೆ ತಳ್ಳುತ್ತೆ. ನಿಜವಾದ ಸಮುದ್ರದಲ್ಲಿ ಆ ಉಪ್ಪು ಆಳಕ್ಕೆ ಇಳಿದು ಹೋಗುತ್ತೆ, ನಿಮ್ಮ ಡಬ್ಬಿಯಲ್ಲಿ ಹೋಗೋಕೆ ಜಾಗ ಇಲ್ಲ. ಹಾಗಾಗಿ ತಳದ ತಾಪ ಸಮುದ್ರದ ನೀರು ಹೆಪ್ಪುಗಟ್ಟೋ -1.8ರಲ್ಲೇ ನಿಲ್ಲಲ್ಲ, ಐಸ್ ದಪ್ಪ ಆದಷ್ಟೂ ಇಳೀತಾ ಹೋಗುತ್ತೆ.

ತಿಪಟೂರು_ಕೊಬ್ಬರಿ:
ಗೋಲಾ ಐಸನ್ನ ಹಿಮ ಅಂತ ಹೇಗೆ ಒಪ್ಪೋದು? ಹಿಮ ಶಾಖ ತಡೆಯೋದು ಒಳಗಿರೋ ಗಾಳಿಯಿಂದ. ನಿಮ್ಮದು ತುರಿಯುವಾಗಲೇ ಒದ್ದೆ ಆಗಿ ಆಮೇಲೆ ಗಟ್ಟಿಯಾಗಿರುತ್ತೆ.

ಚಿಂತಾಮಣಿ_ಸೋಲ್ಡರ್:
ಮೊದಲು ರೋಮ್ ನಂಬರ್ ಹಾಕಿ ಮೇಡಂ, ಆಮೇಲೆ ಗೋಲಾ ವಿಚಾರ.

ಮಾಲೂರು_ಟೊಮ್ಯಾಟೊ:
ನನ್ನ ತೋಟದಲ್ಲಿ ಸಿಲ್ವರ್-ಬ್ಲ್ಯಾಕ್ ಮಲ್ಚಿಂಗ್ ಶೀಟೂ ಮಣ್ಣೂ ಸೇರೋ ಜಾಗದಲ್ಲಿ ಇದೇ ಸೆನ್ಸರ್ ಇಟ್ಟಿದ್ದೀನಿ. ಶೀಟಿನ ಕೆಳಗೆ, 5 ಸೆಂ.ಮೀ. ಆಳ, 15 ಸೆಂ.ಮೀ. ಆಳ. ಲೋರಾ ಅನ್ನೋ ರೇಡಿಯೋದಲ್ಲಿ ಮನೆಗೇ ಡೇಟಾ ಬರುತ್ತೆ, ಸೋಲಾರ್ ಪ್ಯಾನೆಲ್, ಹಳೇ ಲ್ಯಾಪ್‌ಟಾಪಿನ ಸೆಲ್ಲು. ಡ್ರಿಪ್ ಬಿಟ್ಟಾಗ ಗ್ರಾಫ್ ಬೀಳೋದು ನೋಡೋಕೇ ಖುಷಿ. ಫೋಟೋ ಹಾಕಲಾ?

ಪಾವಗಡ_ಬಿಸಿಲು:
ಹಾಕಿ ಗುರುಗಳೇ, ಬೇರೆ ಥ್ರೆಡ್ಡಿನಲ್ಲಿ ಹಾಕಿ, ನಾನೂ ಬರ್ತೀನಿ.

ಕೊಬ್ಬರಿ ಸರ್, ನಿಮ್ಮ ಮಾತನ್ನೇ ಲೆಕ್ಕಕ್ಕೆ ಇಡೋಣ. ಐಸಿನ ಉಷ್ಣವಾಹಕತೆ ಸುಮಾರು 2, ಒಳ್ಳೆ ಹಿಮದ್ದು 0.3 (ಮೀಟರಿಗೆ, ಕೆಲ್ವಿನ್ನಿಗೆ ವ್ಯಾಟ್). ಅದರಿಂದಲೇ ಮೇಡಂಗೆ -5 ಬಂದಿದೆ. ಗೋಲಾ ಐಸು ಒತ್ತಿಕೊಂಡು 0.6 ಆಗಿದೆ ಅಂದ್ರೂ ಸಿಗೋದು -7ರ ಸುಮಾರು. -11 ಬರಬೇಕಾದ್ರೆ ಅದು ಗಟ್ಟಿ ಐಸಿನಷ್ಟೇ ಶಾಖ ಸಾಗಿಸಬೇಕು. ಬೆರಳಿಗೆ ಪುಡಿ ಸಿಗುತ್ತೆ ಅಂದ್ರೆ ಅದು ಆಗೋ ಮಾತಲ್ಲ.

ನಿಮ್ಮ -16, -11, -2 ಮೂರನ್ನೂ ಗ್ರಾಫಿನಲ್ಲಿ ಸೇರಿಸಿದ್ರೆ ಗೆರೆ ನೇರವಾಗಿ ಇಳೀತಿದೆ. ಹಿಮ ಮುಗಿದು ಐಸ್ ಶುರುವಾಗೋ ಕಡೆ ಗೆರೆ ಮುರಿಯಬೇಕು, ಹಿಮದಲ್ಲಿ ಕಡಿದಾಗಿ, ಐಸಿನಲ್ಲಿ ಹರವಾಗಿ. ಆ ಮುರಿತ ನೋಡೋಕೇ ತಾನೇ ಈ ಪ್ರಾಜೆಕ್ಟು? ಮೇಡಂ, ಸೆನ್ಸರ್‌ಗಳನ್ನ ಯಾವುದಕ್ಕೆ ಕಟ್ಟಿದ್ದೀರಿ?

ಶಿರಾಗೇಟ್_ಲ್ಯಾಬ್:
ಅಲ್ಯೂಮಿನಿಯಂ ಚಾನಲ್‌ಗೆ. ನೆಟ್ಟಗೆ ನಿಲ್ಲಬೇಕಲ್ಲ? ಮೇಲಿಂದ ತಳದವರೆಗೂ ಒಂದೇ ತುಂಡು.

ಪಾವಗಡ_ಬಿಸಿಲು:
ಸಿಕ್ತು. ಅಲ್ಯೂಮಿನಿಯಂ ಉಷ್ಣವಾಹಕತೆ 200ರ ಮೇಲೆ. ಹಿಮದ ನೂರಾರು ಪಟ್ಟು. ನೀವು ಅಳೀತಿರೋದು ಹಿಮವನ್ನಲ್ಲ, ಚಾನಲ್ಲನ್ನ. ಉಷ್ಣ ನೀರಿನಿಂದ ಲೋಹದಲ್ಲೇ ಸಾಗಿ ಹೊರಗೆ ಹೋಗ್ತಿದೆ.

ಚಿಂತಾಮಣಿ_ಸೋಲ್ಡರ್:
ಸೆನ್ಸರ್ ಡೂಪ್ಲಿಕೇಟ್ ಆಗಿರೋದು ಇದರಿಂದ ಸುಳ್ಳಾಗಲ್ಲ.

ಪಾವಗಡ_ಬಿಸಿಲು:
ಪರೀಕ್ಷೆ ಸುಲಭ ಇದೆ. ಒಂದು ಬಿಡಿ ಸೆನ್ಸರ್ ತಗೊಳ್ಳಿ. ಗೋಲಾ ಐಸ್ ಸರಿಸಿ, ಚಾನಲ್ಲಿಂದ ಗೇಣು ದೂರ, ಐಸ್ ಮೇಲೆ ಮಲಗಿಸಿ. ವೈರನ್ನ ಅದೇ ಮಟ್ಟದಲ್ಲಿ ಸ್ವಲ್ಪ ದೂರ ಅಡ್ಡ ಎಳೆದು ಆಮೇಲೆ ಮೇಲಕ್ಕೆ ತನ್ನಿ. ನೆಟ್ಟಗೆ ಮೇಲೆ ಎಳೆದ್ರೆ ತಾಮ್ರವೂ ಇದೇ ಕೆಲಸ ಮಾಡುತ್ತೆ. ಮುಚ್ಚಿ, ಒಂದು ರಾತ್ರಿ ಬಿಡಿ. ಹತ್ತು ನಿಮಿಷಕ್ಕೊಮ್ಮೆ ಓದಿಸಿದ್ರೆ ಸಾಕು, ಎಡೆಬಿಡದೆ ಓದಿಸಿದ್ರೆ ಚಿಪ್ಪೇ ಸ್ವಲ್ಪ ಬಿಸಿಯಾಗುತ್ತೆ.

ಧ್ರುವದಲ್ಲಿ ಆ ಬಿಸಿಯನ್ನೇ ಉಪಯೋಗಕ್ಕೆ ತಂದಿದ್ದಾರೆ. ಸಿಂಬಾ ಅನ್ನೋ ಉಪಕರಣದ ಸರದಲ್ಲಿ 2 ಸೆಂ.ಮೀ.ಗೊಂದು ಸೆನ್ಸರ್, ಜೊತೆಗೆ ಪುಟ್ಟ ಹೀಟರ್. ಬಿಸಿ ಮಾಡಿದಾಗ ಗಾಳಿಯಲ್ಲಿ, ಹಿಮದಲ್ಲಿ ತಾಪ ಜಾಸ್ತಿ ಏರುತ್ತೆ, ಐಸು ನೀರುಗಳಲ್ಲಿ ಕಮ್ಮಿ. ಅದರಿಂದ ಹಿಮ ಎಲ್ಲಿ ಮುಗೀತು ಅಂತ ಗೊತ್ತಾಗುತ್ತೆ. ಅಂಟಾರ್ಕ್ಟಿಕಾದಲ್ಲಿ ಎಷ್ಟೋ ಸಲ ಹಿಮದ ಭಾರಕ್ಕೆ ಐಸ್ ತಗ್ಗಿ ಸಮುದ್ರದ ನೀರೇ ಹಿಮವೂ ಐಸೂ ಸೇರೋ ಜಾಗಕ್ಕೆ ನುಗ್ಗುತ್ತೆ. ಆಗ ಹೊರಗೆ ಎಷ್ಟೇ ಚಳಿ ಇರಲಿ, ಅಲ್ಲಿ -1.8ರ ಹತ್ರ ತೋರಿಸಿದ್ರೆ ಅದು ನಿಜವಾದ ರೀಡಿಂಗೇ.

ಶಿರಾಗೇಟ್_ಲ್ಯಾಬ್:
ಬಿಡಿ ಸೆನ್ಸರ್ -6.5. ಚಾನಲ್ ಮೇಲಿನದು ಅದೇ ಮಟ್ಟದಲ್ಲಿ -11. 85 ಬಂದಿರೋದೆಲ್ಲ ಕರೆಂಟ್ ಬಂದ ಕ್ಷಣದಲ್ಲೇ, ಲಾಗ್ ನೋಡಿದೆ.

ತಿಪಟೂರು_ಕೊಬ್ಬರಿ:
-5 ಬರಲಿಲ್ಲವಲ್ಲ! ಉಳಿದ ಒಂದೂವರೆ ಡಿಗ್ರಿ ನಿಮ್ಮ ಗೋಲಾದ್ದೇ. ಅಳತೆ ಡಬ್ಬಿಯಲ್ಲಿ ತುಂಬಿ ತೂಕ ಮಾಡಿ, ಸಾಂದ್ರತೆ ಹೇಳಿ.

ಪಾವಗಡ_ಬಿಸಿಲು:
ಅದು ಒಪ್ಪೋ ಮಾತು ಸರ್. ಮೇಡಂ, ಚಾನಲ್ ತೆಗೆದು ವೈರಿಂಗಿನವರು ಹಾಕೋ ಪಿವಿಸಿ ಕೇಸಿಂಗ್ ಪಟ್ಟಿ ಹಾಕಿ. ಬಿಳಿಯದೇ ತಗೊಳ್ಳಿ, ಫ್ರೀಜರಿನಲ್ಲಿ ಬಣ್ಣ ಯಾವುದಾದ್ರೂ ನಡೆಯುತ್ತೆ, ಬಯಲಿಗೆ ಇಟ್ಟ ದಿನ ಕಪ್ಪು ಪಟ್ಟಿ ಹಿಮದೊಳಗೂ ಬಿಸಿಲು ಹೀರುತ್ತೆ.

ಶಿರಾಗೇಟ್_ಲ್ಯಾಬ್:
ಪಟ್ಟಿ ತರಿಸಿದ್ದೀನಿ. -18ರಲ್ಲಿ ಯಾವ ಅಂಟು ಬಿಡದೆ ನಿಲ್ಲುತ್ತೆ? ಸಾಂದ್ರತೆ ಸೋಮವಾರ ಹುಡುಗಿಯರು ಅಳೀತಾರೆ.

ಮಾಲೂರು_ಟೊಮ್ಯಾಟೊ:
ಅಂಟು ಬೇಡ ಮೇಡಂ, ಪಟ್ಟಿಗೆ ತೂತು ಹೊಡೆದು ನೈಲಾನ್ ಟ್ಯಾಗಿನಲ್ಲಿ ಬಿಗಿಯಿರಿ. ನನ್ನ ಫೋಟೋ ಥ್ರೆಡ್ ಶುರು ಮಾಡಿದ್ದೀನಿ, ಎಲ್ಲರೂ ನೋಡಿ.

ಚಿಂತಾಮಣಿ_ಸೋಲ್ಡರ್:
ರೋಮ್ ನಂಬರ್?