ಸಹಾಯ ಬೇಕು: ಕಬಡ್ಡಿ ಆಡುವ ಮಗನಿಗೆ ಮತ್ತೆ ಕುರು
ಮಗನಿಗೆ 16 ವರ್ಷ, ಮ್ಯಾಟ್ ಮೇಲೆ ಕಬಡ್ಡಿ ಆಡುತ್ತಾನೆ. ಮೊಣಕಾಲು ತರಚಿದ ಜಾಗದಲ್ಲೇ ಎರಡನೇ ಸಲ ಕುರು ಎದ್ದಿತು. ಕೆಂಪಗೆ, ಬಿಸಿಯಾಗಿ, ನಡುವೆ ಹಳದಿ ಮೊನೆ. ಮೊದಲ ಸಲ ಜೇಡ ಕಚ್ಚಿರಬೇಕು ಅಂತ ಸುಮ್ನೆ ಬಿಟ್ಟಿದ್ದೆವು. ಈ ಸಲ ಡಾಕ್ಟರು ಕೊಯ್ದು, ಕೀವನ್ನು ಕಲ್ಚರ್‌ಗೆ (ಯಾವ ರೋಗಾಣು ಅಂತ ನೋಡುವ ಪರೀಕ್ಷೆ) ಕಳಿಸಿದರು. ಎಂಆರ್‌ಎಸ್‌ಎ ಅಂತ ಬಂತು, ಅಂದರೆ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ, ಮುಟ್ಟಿದರೆ ಹರಡುವ ಒಂದು ಬ್ಯಾಕ್ಟೀರಿಯಾ. ಅಮಾಕ್ಸಿಸಿಲಿನ್, ಸೆಫಲೆಕ್ಸಿನ್‌ನಂಥ ಆ್ಯಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ಬೇರೆ ಮಾತ್ರೆ ಕೊಟ್ಟಿದ್ದಾರೆ, ಗಾಯ ಒಣಗುತ್ತಿದೆ.

ನನ್ನ ಚಿಂತೆ ಈಗ ಉಳಿದ ಹುಡುಗರದು. ಎಲ್ಲರೂ ಒಂದೇ ಟವೆಲಿನಲ್ಲಿ ಬೆವರು ಒರೆಸುತ್ತಾರೆ. ಇನ್ನಿಬ್ಬರಿಗೂ ಕುರು ಎದ್ದಿದೆ. ಕೋಚ್ 'ಉಷ್ಣಕ್ಕೆ ಆಗಿದ್ದು' ಅನ್ನುತ್ತಾರೆ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರಾಮ್ಸ್ ಫುಟ್‌ಬಾಲ್ ತಂಡದ 5 ಆಟಗಾರರಿಗೆ ಹೀಗೇ ತರಚಿದ ಗಾಯದಲ್ಲೇ ಈ ಎಂಆರ್‌ಎಸ್‌ಎ ಬಂದಿತ್ತು.

ನಿಮ್ಮ ಕ್ಲಬ್‌ನಲ್ಲಿ ಮ್ಯಾಟ್ ಒರೆಸಲು ಏನು ಬಳಸುತ್ತೀರಿ, ಎಷ್ಟು ಸಲ? ಗಾಯಕ್ಕೆ ಹಾಕಲು, ಬೆವರಿಗೆ ಕಿತ್ತುಬರದ ಪಟ್ಟಿ ಯಾವುದು? ಗೊತ್ತಿದ್ದವರು ದಯವಿಟ್ಟು ತಿಳಿಸಿ.