ಸಹಾಯ ಬೇಕು: ಮನೆಯಲ್ಲೇ ನಾಯಿಯ ಮೂತ್ರ ಹಿಡಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿ 11 ವರ್ಷದ ಡ್ಯಾಶ್‌ಹಂಡ್. ಈಚೆಗೆ ನೀರು ತುಂಬಾ ಕುಡಿಯುತ್ತಾಳೆ, ಹೊಟ್ಟೆ ಜೋತುಬಿದ್ದಿದೆ, ಪಕ್ಕೆಯ ಕೂದಲು ಉದುರುತ್ತಿದೆ. ಡಾಕ್ಟರಿಗೆ ಕುಷಿಂಗ್ಸ್ ಕಾಯಿಲೆಯ ಅನುಮಾನ, ಅಂದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಅತಿಯಾಗುವುದು. ಮೂತ್ರದಲ್ಲಿ ಕಾರ್ಟಿಸಾಲ್–ಕ್ರಿಯಾಟಿನಿನ್ ಅನುಪಾತ ನೋಡಿದರು, ಜಾಸ್ತಿ ಬಂದಿದೆ.

ನನ್ನ ಚಿಂತೆ ಇದು. ಆ ಸ್ಯಾಂಪಲ್ ಹಿಡಿದದ್ದು ಕ್ಲಿನಿಕ್‌ನಲ್ಲೇ. ಅಲ್ಲಿ ಕಾಲಿಟ್ಟರೆ ಸಾಕು, ಇವಳು ಬಾಲವನ್ನು ಹೊಟ್ಟೆಗೆ ಅಂಟಿಸಿಕೊಂಡು ನಡುಗುತ್ತಾಳೆ, ಏದುಸಿರು ಬಿಡುತ್ತಾಳೆ. ಹೆದರಿದಾಗ ಕಾರ್ಟಿಸಾಲ್ ಏರುವುದು ಸಹಜ, ಅದು ಮೂತ್ರಕ್ಕೂ ಇಳಿಯುತ್ತದೆ ಅಲ್ವಾ? ಅದಕ್ಕೇ ಈ ಪರೀಕ್ಷೆಗೆ ಮನೆಯಲ್ಲಿ ಬೆಳಗಿನ ಮೂತ್ರ ಹಿಡಿಯುವುದು ಒಳ್ಳೆಯದು, ಡಾಕ್ಟರ್ ಹತ್ತಿರ ಹೋಗಿ ಬಂದು ಎರಡು ದಿನವಾದರೂ ಕಳೆದಿರಬೇಕು ಎನ್ನುತ್ತಾರೆ. ನಾರ್ಮಲ್ ಬಂದರೆ ಕುಷಿಂಗ್ಸ್ ಇರುವ ಸಾಧ್ಯತೆ ತೀರಾ ಕಮ್ಮಿ. ಜಾಸ್ತಿ ಬಂತು ಅಂತ ಕಾಯಿಲೆ ಇದೆ ಎನ್ನಲಾಗದು. ಖಚಿತವಾಗಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧಿ ಕೊಟ್ಟು 8 ಗಂಟೆಯ ರಕ್ತಪರೀಕ್ಷೆ ಮಾಡಬೇಕು. ಇವಳನ್ನು ಅಷ್ಟು ಹೊತ್ತು ಅಲ್ಲಿ ಕೂರಿಸುವ ಮೊದಲು ಮನೆಯಿಂದಲೇ ಇನ್ನೊಂದು ಸ್ಯಾಂಪಲ್ ಕೊಡಬೇಕು ಎಂದು ನನ್ನ ಆಸೆ. ಡಾಕ್ಟರೂ ಒಪ್ಪಿದ್ದಾರೆ.

ಆದರೆ ಹಿಡಿಯುವುದು ಹೇಗೆ? ಗಿಡ್ಡ ಕಾಲಿನ ಹೆಣ್ಣು ನಾಯಿ, ಕೂತರೆ ಹೊಟ್ಟೆ ನೆಲಕ್ಕೆ ತಾಗುತ್ತದೆ. ತಟ್ಟೆ ಹತ್ತಿರ ತಂದ ಕೂಡಲೇ ಎದ್ದುಬಿಡುತ್ತಾಳೆ. ಇಂಥ ನಾಯಿ ಸಾಕಿದವರು ಏನು ಬಳಸಿದಿರಿ? ಉದ್ದ ಹಿಡಿಯ ಸೌಟು ಆಗುತ್ತದಾ? ಇನ್ನು, ಆ 8 ಗಂಟೆಯ ಪರೀಕ್ಷೆ ಮಾಡಿಸಿದವರೇ, ನಾಯಿಯ ಜೊತೆ ನಿಮ್ಮನ್ನೂ ಕೂರಲು ಬಿಟ್ಟರಾ? ದಯವಿಟ್ಟು ತಿಳಿಸಿ.